ಗುಂಜಕ್ಕಿಯ ಕೈ

ಹೋದ ಮಾಘದ ಒಂದು ಭಾನುವಾರ ರಾಯಚೂರಿನಿಂದ ಮೊದಲ ಬಸ್ಸಿಗೆ ಗುಂಜಹಳ್ಳಿಗೆ ಹೋಗಿ ಅವ್ವನ ಮನೆಯ ಕಟ್ಟೆಯ ಮೇಲೆ ಕೂತಿದ್ದೆ. ಆರನೇ ತರಗತಿ ಓದುವ ನನ್ನ ತಂಗಿಯ ಮಗಳು ನೋಟುಬುಕ್ಕೊಂದನ್ನು ತಂದು ನನ್ನ ತೊಡೆಯ ಮೇಲಿಟ್ಟಳು.

“ಮಾಮಾ, ಇವರು ಹಾರ್ತಾರೋ ಇಲ್ಲೋ ನೋಡಿ ಹೇಳ್ರಿ.”

ಹಾಳೆಯ ತುಂಬ ಹೆಣ್ಣು, ಗಂಡು, ಮಕ್ಕಳು. ಮುಖ ಮನುಷ್ಯರದು, ಕಾಲು ಹಕ್ಕಿಯದು, ಸೊಂಟದ ಕೆಳಗೆ ಗರಿಯ ಬಾಲ, ಬೆನ್ನಿಗೆ ಎರಡೆರಡು ರೆಕ್ಕೆ. ಕಣ್ಣುಗಳನ್ನು ಗುಲಗಂಜಿಯ ಹಾಗೆ ಕೆಂಪಗೆ ಬರೆದು ಒಂದೊಂದು ಕಪ್ಪು ಚುಕ್ಕೆ ಇಟ್ಟಿದ್ದಳು. ಒಬ್ಬಾಕೆಯ ತಲೆಯ ಮೇಲೆ ಸಿಮೆಂಟಿನ ಪುಟ್ಟಿ ಇತ್ತು. ಇವರು ಯಾವ ಜಾತಿಯ ಜೀವಿಗಳು ಎಂದು ಕೇಳಿದೆ. “ಗುಂಜಕ್ಕಿ” ಅಂದಳು. ನಮ್ಮ ಊರಿನವರಲ್ಲವೇ, ಅದಕ್ಕೆ.

ಡ್ರಾಯಿಂಗ್ ಮಾಸ್ತರನಾಗಿ ಇಷ್ಟು ವರ್ಷಗಳಲ್ಲಿ ಮಕ್ಕಳು ಬರೆದ ರೆಕ್ಕೆಯ ಮನುಷ್ಯರನ್ನು ಎಷ್ಟು ನೋಡಿದ್ದೇನೋ ಲೆಕ್ಕವಿಲ್ಲ. ಎರಡು ಗುಡ್ಡದ ನಡುವೆ ಹುಟ್ಟುವ ಸೂರ್ಯನನ್ನು ಬಿಟ್ಟರೆ ಮಕ್ಕಳ ಕೈಗೆ ಮೊದಲು ಬರುವುದು ಅದೇ. ಎಲ್ಲಕ್ಕೂ “ಚಂದ ಅದ” ಎಂದು ಬರೆದು ಸಹಿ ಹಾಕಿದ್ದೇನೆ. ಹಾರುತ್ತದೆಯೇ ಎಂದು ಕೇಳಿದ ಮಗು ಇವಳೇ ಮೊದಲು. ಅಷ್ಟು ನೇರವಾದ ಪ್ರಶ್ನೆಗೆ ಚಂದ ಅದ ಎಂದು ಹೇಳಿ ಕಳಿಸಲು ನನಗೆ ಮನಸ್ಸಾಗಲಿಲ್ಲ.

ಅವತ್ತು ಅವ್ವ ಜವಾರಿ ಕೋಳಿ ಮಾಡಿದ್ದಳು. ಊಟ ಮುಗಿದ ಮೇಲೆ ಒಂದು ರೆಕ್ಕೆಯ ಎಲುಬುಗಳನ್ನು ತೊಳೆದು, ಹಳೇ ಪತ್ರಿಕೆಯ ಮೇಲೆ ಸಾಲಾಗಿ ಜೋಡಿಸಿ, ಅದರ ಪಕ್ಕಕ್ಕೆ ಹುಡುಗಿಯ ಕೈ ಇಡಿಸಿದೆ. ಹೆಗಲಿನಿಂದ ಮೊಳಕೈಯವರೆಗೆ ಅವಳಿಗೆ ಒಂದು ಎಲುಬು, ಕೋಳಿಗೂ ಒಂದು. ಮೊಳಕೈಯಿಂದ ಮಣಿಕಟ್ಟಿನವರೆಗೆ ಅವಳಿಗೆ ಎರಡು, ಕೋಳಿಗೂ ಎರಡು. ಒಂದು ದಪ್ಪ, ಒಂದು ಕಡ್ಡಿಯಷ್ಟು ಸಣ್ಣ. ಮುಂದಕ್ಕೆ ಬೆರಳುಗಳು ಒಂದಕ್ಕೊಂದು ಬೆಸೆದುಹೋಗಿ ಒಂದೇ ತುಂಡಾಗಿದ್ದವು. ಬದಿಯಲ್ಲಿ ಜೋಳದ ಕಾಳಿಗಿಂತ ತುಸು ಉದ್ದದ ಒಂದು ಚೂಪು ಎಲುಬು ಮಾತ್ರ ಬೇರೆಯಾಗಿ ನಿಂತಿತ್ತು. ಅದನ್ನು ಅವಳ ಹೆಬ್ಬೆರಳಿಗೆ ತಾಗಿಸಿ ತೋರಿಸಿದೆ. ಹುಡುಗಿ ತನ್ನ ಮೊಳಕೈಯನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿ ನೋಡಿಕೊಂಡಳು.

“ಅಂದ್ರ ಕೋಳಿ ರೆಕ್ಕಿ ಅಂದ್ರ ಕೋಳಿ ಕೈಯೇನ್ರಿ?”

ಹೌದು, ಅಷ್ಟೇ. ಬೆನ್ನೆಲುಬಿರುವ ಪ್ರಾಣಿಗಳಲ್ಲಿ ಮೂರು ವಂಶಗಳು ಮಾತ್ರ ರೆಕ್ಕೆ ಬಡಿದು ಹಾರಲು ಕಲಿತವು: ಹಕ್ಕಿ, ಬಾವಲಿ ಮತ್ತು ಕೋಟ್ಯಂತರ ವರ್ಷಗಳ ಹಿಂದೆ ಅಳಿದುಹೋದ ಟೆರೊಸಾರ್ ಎಂಬ ಹಾರುವ ಸರೀಸೃಪಗಳು. ಹಕ್ಕಿ ಬೆರಳುಗಳನ್ನು ಬೆಸೆದುಕೊಂಡು ಗರಿ ನೆಟ್ಟಿತು. ಬಾವಲಿ ನಾಲ್ಕು ಬೆರಳುಗಳನ್ನು ಕೊಡೆಯ ಕಡ್ಡಿಗಳಂತೆ ಉದ್ದ ಬೆಳೆಸಿ ತೊಗಲು ಹೊದಿಸಿತು. ಟೆರೊಸಾರ್ ಒಂದೇ ಒಂದು ಬೆರಳನ್ನು ಮೈಯುದ್ದಕ್ಕೂ ಮೀರಿ ಬೆಳೆಸಿತು. ಮೂರು ಸಲವೂ ಬೆಲೆ ತೆತ್ತದ್ದು ಕೈಯೇ. ಬೆನ್ನಿನಿಂದ ಹೊಸದಾಗಿ ರೆಕ್ಕೆ ಮೊಳೆತದ್ದು ಒಂದು ಸಲವೂ ಇಲ್ಲ. ನಾಲ್ಕು ಅವಯವ ಹಿಡಿದು ಬಂದ ಜೀವ ನಾಲ್ಕರಲ್ಲೇ ಬಾಳು ಮಾಡಬೇಕು. ಗುಂಜಕ್ಕಿಗೆ ಎರಡು ಕಾಲು, ಎರಡು ಕೈ, ಎರಡು ರೆಕ್ಕೆ. ಆರು.

ಹುಡುಗಿ ಸುಮ್ಮನಾಗಲಿಲ್ಲ. “ಗರುಡಗ ಎಷ್ಟು ಅದಾವ?” ಎಂದಳು.

ನನ್ನ ಮೇಜಿನ ಮೇಲೆ ಒಬ್ಬ ಕಿನ್ನಾಳದ ಗರುಡ ಇದ್ದಾನೆ. ಕೊಪ್ಪಳ ಈಗ ಬೇರೆ ಜಿಲ್ಲೆ. 1997ರವರೆಗೆ ನಮ್ಮ ರಾಯಚೂರು ಜಿಲ್ಲೆಯದೇ, ಆದ್ದರಿಂದ ಕಿನ್ನಾಳದ ಚಿತ್ರಗಾರರನ್ನು ನಾನು ಇವತ್ತಿಗೂ ನಮ್ಮವರು ಎಂದೇ ಹೇಳುವುದು. ಹಗುರ ಮರದ ತುಂಡುಗಳನ್ನು ಕೆತ್ತಿ, ಹುಣಸೆ ಬೀಜದ ಅಂಟಿನಲ್ಲಿ ಕಲಸಿದ ಕಿಟ್ಟವನ್ನು ಮೆತ್ತಿ, ಬಣ್ಣ ಹಚ್ಚಿ ಅವರು ಮಾಡುವ ಗರುಡನಿಗೆ ಕೊಕ್ಕಿನಂಥ ಮೂಗು, ಮುಗಿದ ಎರಡು ಕೈ, ಬಿಚ್ಚಿದ ಎರಡು ರೆಕ್ಕೆ. ಅವನಿಗೂ ಆರೇ. ನನ್ನ ಗರುಡನ ರೆಕ್ಕೆಯ ಬುಡ ಎಲ್ಲಿದೆ ಎಂದು ತಿರುಗಿಸಿ ತಿರುಗಿಸಿ ನೋಡಿದ್ದೇನೆ. ತೋಳಬಂದಿ ಮತ್ತು ಹಾರದ ಬಣ್ಣದ ಹಿಂದೆ ಅದು ಮರೆಯಾಗಿದೆ. ಮಾಡಿದವರ ಕೈಗೆ ಅಲ್ಲೊಂದು ತೊಡಕಿದೆ ಎಂದು ಗೊತ್ತಿತ್ತು. ಅದಕ್ಕೇ ಆ ಜಾಗದಲ್ಲಿ ಒಡವೆ ಬಂತು.

ಐಹೊಳೆಯ ಶಿಲ್ಪಿಗಳು ಹಿಡಿದದ್ದು ಬೇರೆ ದಾರಿ. ಅಲ್ಲಿ ಕೆತ್ತಿದ ಹಾರುವ ಗಂಧರ್ವ ದಂಪತಿಗಳಿಗೆ ರೆಕ್ಕೆಯೇ ಇಲ್ಲ. ಮೊಣಕಾಲು ಹಿಂದಕ್ಕೆ ಮಡಚಿದೆ, ಉತ್ತರೀಯ ಗಾಳಿಗೆ ಬಿಚ್ಚಿಕೊಂಡಿದೆ, ಮೈ ಓರೆಯಾಗಿದೆ. ನೋಡಿದವರಿಗೆ ಇವರು ನೆಲ ಬಿಟ್ಟಿದ್ದಾರೆ ಎಂಬುದರಲ್ಲಿ ಅನುಮಾನ ಉಳಿಯುವುದಿಲ್ಲ. ಒಂದು ಮಡಚಿದ ಕಾಲಿನಿಂದ ಆ ಭಾರದ ಕಲ್ಲನ್ನು ಮುಗಿಲಿಗೆ ಏರಿಸಿದ ಆ ಕೈಗಳಿಗೆ ನಾನು ಮನಸ್ಸಿನಲ್ಲೇ ಎಷ್ಟೋ ಸಲ ಕೈ ಮುಗಿದಿದ್ದೇನೆ.

ಇನ್ನು ನಮ್ಮ ಊರುಕೇರಿಯ ಗೋಡೆಗಳು. ಅವ್ವನ ಮನೆಯ ಕ್ಯಾಲೆಂಡರಿನಲ್ಲಿ ಕಾಮಧೇನು ಇದ್ದಾಳೆ: ಆಕಳ ಮೈ, ಕಿರೀಟ ಹೊತ್ತ ಹೆಣ್ಣಿನ ಮುಖ, ಬೆನ್ನಿಗೆ ರೆಕ್ಕೆ, ನವಿಲಿನ ಬಾಲ. ನಾನು ಹುಡುಗನಾಗಿದ್ದಾಗ ಪಕ್ಕದ ಸಾಹೇಬರ ಮನೆಯ ಗೋಡೆಯಲ್ಲಿ ಬುರಾಕ್ ಇತ್ತು: ಕುದುರೆಯ ಮೈ, ಕಿರೀಟ ಹೊತ್ತ ಹೆಣ್ಣಿನ ಮುಖ, ಬೆನ್ನಿಗೆ ರೆಕ್ಕೆ, ನವಿಲಿನ ಬಾಲ. ಪೈಗಂಬರರನ್ನು ಒಂದೇ ರಾತ್ರಿಯಲ್ಲಿ ಮೆಕ್ಕಾದಿಂದ ಜೆರುಸಲೇಮಿಗೆ ಹೊತ್ತೊಯ್ದ ಜೀವ ಅದು. ಎರಡೂ ಒಂದೇ ತಾಯಿಯ ಮಕ್ಕಳು, ಒಬ್ಬಳನ್ನು ನಮ್ಮ ಮನೆಗೆ ಕೊಟ್ಟಿದ್ದಾರೆ, ಇನ್ನೊಬ್ಬಳನ್ನು ಅವರ ಮನೆಗೆ ಎಂದು ನಾನು ಬಹಳ ದಿನ ನಂಬಿದ್ದೆ. ಈ ಎರಡು ಚಿತ್ರಗಳಲ್ಲಿ ಒಂದರ ನೆರಳು ಇನ್ನೊಂದರ ಮೇಲೆ ಬಿದ್ದಿದೆ ಎನ್ನುವ ಪಂಡಿತರಿದ್ದಾರೆಂದು ಎಷ್ಟೋ ವರ್ಷದ ಮೇಲೆ ಓದಿದಾಗ ನನ್ನ ನಂಬಿಕೆ ಪೂರಾ ಹುಸಿಯಾಗಿರಲಿಲ್ಲ ಎಂದು ಸಂತೋಷವಾಯಿತು. ದಖನ್ನಿನ ಚಿತ್ರಕಾರರು ಬುರಾಕದ ಮೈಯನ್ನೇ ಹತ್ತಾರು ಪ್ರಾಣಿಗಳಿಂದ ಹೆಣೆದು ಬರೆದದ್ದೂ ಉಂಟು. ಹೊಸ ಜೀವಿಯನ್ನು ಕಟ್ಟುವ ಕೆಲಸ ಈ ನೆಲಕ್ಕೆ ಹೊಸದಲ್ಲ.

ಆದರೆ ಎಲ್ಲರಿಗಿಂತ ನನ್ನ ಮನಸ್ಸು ಗೆದ್ದವನು ಬಳ್ಳಿಗಾವಿಯ ಗಂಡಭೇರುಂಡ. ಚಾಮುಂಡರಾಯರಸ 1047ರಲ್ಲಿ ನಿಲ್ಲಿಸಿದ ಎತ್ತರದ ಕಂಬದ ದೇವರು ಅವನು. ನಮ್ಮ ರಾಜ್ಯದ ಲಾಂಛನದಲ್ಲಿ ನೋಡುವ ಎರಡು ತಲೆಯ ಹಕ್ಕಿ ಅಲ್ಲಿ ಮನುಷ್ಯನ ಮೈ ಹೊತ್ತು ನಿಂತಿದೆ. ತಲೆ ಮಾತ್ರ ಎರಡು, ಅವು ಹಕ್ಕಿಯವು. ಐನೂರು ವರ್ಷ ಕಳೆದು ವಿಜಯನಗರದ ಅಚ್ಯುತರಾಯನ ಚಿನ್ನದ ನಾಣ್ಯಕ್ಕೆ ಬಂದಾಗ ಗಂಡಭೇರುಂಡ ಪೂರ್ತಿ ಹಕ್ಕಿಯಾಗಿದ್ದಾನೆ. ಕೊಕ್ಕಿನಲ್ಲಿ ಆನೆ, ಉಗುರಿನಲ್ಲಿ ಆನೆ. ನಾಣ್ಯದ ಚಿತ್ರವನ್ನು ಹುಡುಗಿಗೆ ಫೋನಿನಲ್ಲಿ ತೋರಿಸಿದೆ. ಕಣ್ಣಿಗೆ ಹತ್ತಿರ ಹಿಡಿದು ನೋಡಿ, “ಕೈ ಇಲ್ಲಲ್ಲ, ಅದಕ್ಕ ಬಾಯಾಗ ಹಿಡ್ದಾನ” ಅಂದಳು. ಗಂಡಭೇರುಂಡನ ಬಗ್ಗೆ ನಾನು ಓದಿದ ಪುಸ್ತಕಗಳಲ್ಲಿ ಈ ಮಾತು ಎಲ್ಲೂ ಇರಲಿಲ್ಲ.

ಕೈಯ ಮಾತನ್ನು ಅವತ್ತಿಗೆ ಬಿಟ್ಟು ಭಾರದ ಲೆಕ್ಕಕ್ಕೆ ಬಂದೆವು. ಮನುಷ್ಯ ತನ್ನ ಮೈಬಲದಿಂದ ಹಾರಿದ್ದುಂಟು. 1988ರಲ್ಲಿ ಗ್ರೀಸಿನ ಒಬ್ಬ ಸೈಕಲ್ ಪಟು ಡೀಡಲಸ್ ಎಂಬ ವಿಮಾನದ ಪೆಡಲು ತುಳಿಯುತ್ತ ಕ್ರೀಟ್ ದ್ವೀಪದಿಂದ ಸ್ಯಾಂಟೊರಿನಿಯವರೆಗೆ 115 ಕಿಲೋಮೀಟರ್ ಸಮುದ್ರವನ್ನು ದಾಟಿದ. ಸುಮಾರು ನಾಲ್ಕು ಗಂಟೆ ತುಳಿದ; ದಡ ಇನ್ನೇನು ಕೆಲವೇ ಮೀಟರ್ ಇದ್ದಾಗ ಗಾಳಿಗೆ ವಿಮಾನ ಮುರಿದು ನೀರಿಗೆ ಬಿತ್ತು, ಅವನು ಈಜಿ ದಡ ಸೇರಿದ. ಆ ವಿಮಾನದ ತೂಕ 31 ಕಿಲೋ, ರೆಕ್ಕೆಯ ತುದಿಯಿಂದ ತುದಿಗೆ 34 ಮೀಟರ್. ಹುಡುಗಿ ಹಗ್ಗ ಹಿಡಿದು ಅಳೆಯಲು ಹೊರಟಳು. ಅವ್ವನ ಕಟ್ಟೆಯಿಂದ ಹಿಡಿದರೆ ಓಣಿ ತಿರುಗುವ ಮೂಲೆಯೂ ಸಾಲಲಿಲ್ಲ. ಒಬ್ಬಳು ಗುಂಜಕ್ಕಿ ರೆಕ್ಕೆ ಬಿಚ್ಚಿದರೆ ಆರೇಳು ಮನೆಯ ಮಾಳಿಗೆಗಳ ಮೇಲೆ ನೆರಳು. ಅಂಥವಳು ಯಾವ ಅಂಗಳದಲ್ಲಿ ಇಳಿದಾಳು?

ಹಾಗಾದರೆ ಗುಂಜಕ್ಕಿ ಎಷ್ಟು ಭಾರ ಇರಬಹುದು? ಅದಕ್ಕೆ ಉತ್ತರ ನಮ್ಮ ಎರೆನೆಲದಲ್ಲೇ ಇದೆ. ಮಾನ್ವಿ, ಸಿಂಧನೂರಿನ ಎದುರಿಗೆ ತುಂಗಭದ್ರೆಯ ಆಚೆ ದಂಡೆ ಸಿರುಗುಪ್ಪ. ಅಲ್ಲಿನ ಎರೆಹೊಲಗಳಲ್ಲಿ ಎರೆಭೂತ ಎಂಬ ಹಕ್ಕಿಯಿದೆ. ಗ್ರೇಟ್ ಇಂಡಿಯನ್ ಬಸ್ಟರ್ಡ್ ಎಂದು ಪುಸ್ತಕ ಕರೆಯುವುದು ಇದನ್ನೇ. ಒಂದು ಮೀಟರ್ ಎತ್ತರ. ಗಂಡು 15 ಕಿಲೋವರೆಗೂ ತೂಗುತ್ತದೆ. ಜಗತ್ತಿನಲ್ಲಿ ಹಾರುವ ಹಕ್ಕಿಗಳ ಪೈಕಿ ಅತಿ ಭಾರದವುಗಳಲ್ಲಿ ಇದೂ ಒಂದು. ನಿಂತಲ್ಲೇ ಚಂಗನೆ ನೆಗೆಯುವ ಗುಬ್ಬಿಯ ಹಗುರ ಇದಕ್ಕಿಲ್ಲ, ಆದರೂ ಮೇಲಕ್ಕೇಳುತ್ತದೆ. ಎರೆಯ ಭೂತ ಎಂದು ಹೆಸರಿಟ್ಟವರು ಇದನ್ನು ಮಬ್ಬುಗತ್ತಲಲ್ಲಿ ನೋಡಿರಬೇಕು. ಕರಿನೆಲದಿಂದ ಸೊಂಟದೆತ್ತರದ ಆಕಾರವೊಂದು ಎದ್ದು ನಿಂತು, ದೂರಕ್ಕೆ ಕೇಳುವ ದನಿಯಲ್ಲಿ ಗುಮ್ಮೆನ್ನುವಾಗ ಮನುಷ್ಯನೋ ಹಕ್ಕಿಯೋ ಎಂದು ಅನುಮಾನ ಬಾರದೆ ಇರದು. ನನ್ನ ಮಟ್ಟಿಗೆ ರೆಕ್ಕೆಯ ಮನುಷ್ಯ ಎಂಬ ಕಲ್ಪನೆ ನಮ್ಮ ಸೀಮೆಯಲ್ಲಿ ಹುಟ್ಟಿದ್ದರೆ ಅದು ಇಲ್ಲೇ ಹುಟ್ಟಿರುತ್ತದೆ.

15 ಕಿಲೋ ಎಂದರೆ ಎಷ್ಟು ಎಂದು ತಿಳಿಯಲು ಹುಡುಗಿ ಎದುರುಮನೆಯ ಕೂಸನ್ನು ಟೊಂಕಕ್ಕೆ ಎತ್ತಿಕೊಂಡಳು. ಅಂಗನವಾಡಿಯ ತಕ್ಕಡಿಯಲ್ಲಿ ಅದು 14 ಕಿಲೋ ತೂಗಿದ್ದು ಅವಳಿಗೆ ಗೊತ್ತಿತ್ತು. ಕೂಸನ್ನು ಎರಡು ಸಲ ಕುಲುಕಿ ನೋಡಿ, “ಇಷ್ಟs ಇದ್ರ ಅವರು ಸಣ್ಣೋರಾಗ್ತಾರಲ್ರಿ ಮಾಮಾ” ಎಂದಳು. ಆದರೂ ರಬ್ಬರು ತಗೊಂಡು ಎಲ್ಲರನ್ನೂ ಅಳಿಸಿ ಕೂಸಿನ ಎತ್ತರಕ್ಕೆ ತಂದಳು. ಎದೆಯ ಎಲುಬನ್ನು ನೇಗಿಲ ಕುಳದ ಹಾಗೆ ಮುಂದಕ್ಕೆ ಚಾಚಿಸಿದೆವು. ರೆಕ್ಕೆ ಬಡಿಯುವ ಮಾಂಸಖಂಡ ಹಿಡಿದುಕೊಳ್ಳಲು ಹಕ್ಕಿಗೆ ಇರುವ ಆಧಾರ ಅದು. ಕೋಳಿಯ ಎದೆ ಬಿಡಿಸಿದ ಯಾರಿಗೂ ಅದರ ಪರಿಚಯ ಇದೆ. ಎಲುಬುಗಳನ್ನು ಬಿದಿರಿನಂತೆ ಪೊಳ್ಳು ಮಾಡಿದೆವು. ಸಿಮೆಂಟಿನ ಪುಟ್ಟಿ ಹೊತ್ತವಳನ್ನು ಮಾತ್ರ ಅವಳು ಮುಟ್ಟಲಿಲ್ಲ.

ಮರುವಾರ ಹೋದಾಗ ಮೊಟ್ಟೆಯ ಪ್ರಶ್ನೆ ಎದ್ದಿತ್ತು. ಎರೆಭೂತ ಬರಿನೆಲದ ಮೇಲೆ ಒಂದೇ ಒಂದು ಮೊಟ್ಟೆ ಇಡುತ್ತದೆ. ಗೂಡಿಲ್ಲ, ಮರೆಯಿಲ್ಲ. ಹಾಗಾದರೆ ಗುಂಜಕ್ಕಿಯೂ ಎರಿಹೊಲದಲ್ಲೇ ತತ್ತಿ ಇಡಲಿ ಎಂದು ಹುಡುಗಿ ತೀರ್ಮಾನಿಸಿದ್ದಳು. ಅವ್ವ ರೊಟ್ಟಿ ಬಡಿಯುತ್ತ ಕೇಳಿಸಿಕೊಂಡು ವಿನತೆಯ ಕತೆ ತೆಗೆದಳು. ಎರಡು ತತ್ತಿ ಇಟ್ಟು ಐನೂರು ವರ್ಷ ಕಾದ ವಿನತೆ, ಸವತಿ ಕದ್ರುವಿನ ಮಕ್ಕಳು ಹೊರಬಂದದ್ದು ನೋಡಿ ತಾಳದೆ ಒಂದನ್ನು ಒಡೆದಳು. ಒಳಗಿದ್ದವನಿಗೆ ಮೇಲಿನ ಮೈ ತುಂಬಿತ್ತು, ತೊಡೆ ಮೂಡಿರಲಿಲ್ಲ. ಅವನೇ ಅರುಣ, ಸೂರ್ಯನ ಸಾರಥಿ. ಇನ್ನೊಂದನ್ನು ಮತ್ತೆ ಐನೂರು ವರ್ಷ ಕಾದಳು, ಗರುಡ ಬಂದ. “ಆಕಿ ತಾಯಿ. ತಾಯಿಗೆ ಕಾಯೂದು ಆಗಂಗಿಲ್ಲ” ಅಂದಳು ಅವ್ವ, ಹಂಚಿನ ಮೇಲಿನ ರೊಟ್ಟಿ ತಿರುವುತ್ತ. ಮಗಳ ನೆನಪಾಗಿ ಹೇಳಿದಳೆಂದು ನನಗೆ ಗೊತ್ತಾಯಿತು. ಹುಡುಗಿಗೂ ಗೊತ್ತಾಗಿರಬೇಕು.

ನನ್ನ ತಂಗಿ ಮತ್ತು ಭಾವ ಹತ್ತಿ ಬಿಡಿಸಿ, ತೊಗರಿ ಕಟಾವಾದ ಮೇಲೆ ಬೆಂಗಳೂರಿಗೆ ಹೋಗುತ್ತಾರೆ. ನಮ್ಮ ಕಡೆ ಇದಕ್ಕೆ ಗುಳೆ ಎನ್ನುತ್ತಾರೆ. ರಾಯಚೂರು, ದೇವದುರ್ಗ, ಮಾನ್ವಿ ಕಡೆಯ ಊರುಗಳಲ್ಲಿ ಆ ದಿನಗಳಲ್ಲಿ ಹೋಗಿ ನೋಡಿ: ಎಷ್ಟೋ ಮನೆಗಳಲ್ಲಿ ಮುದುಕರು ಮತ್ತು ಮಕ್ಕಳು. ಕಟ್ಟಡದ ಕೆಲಸ, ತಂಗಿ ಸಿಮೆಂಟು ಹೊರುತ್ತಾಳೆ, ಭಾವ ಇಟ್ಟಿಗೆ. ಮಳೆ ಬೀಳುವ ಹೊತ್ತಿಗೆ ಬಿತ್ತನೆಗೆ ತಿರುಗಿ ಬರುತ್ತಾರೆ. ಚಳಿಗಾಲ ಬಂತೆಂದರೆ ಹಿಮಾಲಯದ ಆಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬಂದಿಳಿಯುತ್ತವೆ. ಜಗತ್ತಿನ ಅತಿ ಎತ್ತರದ ಬೆಟ್ಟಸಾಲನ್ನು ದಾಟುವ ಆ ಹಕ್ಕಿಗಳು ಮರಿಗಳನ್ನೂ ಕೂಡ ಕರೆದುಕೊಂಡೇ ಬರುತ್ತವೆ. ಗುಂಜಹಳ್ಳಿಯಿಂದ ಬೆಂಗಳೂರು ಸುಮಾರು ನಾನೂರು ಕಿಲೋಮೀಟರ್. ಹುಡುಗಿಗೆ ಬೇಕಾಗಿದ್ದದ್ದು ಇಷ್ಟೇ: ಶನಿವಾರ ರಾತ್ರಿ ಕೆಲಸ ಬಿಟ್ಟ ಮೇಲೆ ಹೊರಟು, ಭಾನುವಾರ ಮುಂಜಾನೆ ಅಂಗಳದಲ್ಲಿ ಇಳಿಯುವ ತಾಯಿ.

ಇದು ತಿಳಿದ ಮೇಲೆ ಕೈಯ ಮಾತನ್ನು ಎತ್ತಲು ನನಗೆ ನಾಲಿಗೆ ಬರಲಿಲ್ಲ. ಅವಳೇ ಎತ್ತಿದಳು. ರೆಕ್ಕೆ ಬಂದರೆ ಕೈ ಹೋಗುತ್ತದೆ. ಕೈ ಹೋದರೆ ತನ್ನ ಅವ್ವ ಪುಟ್ಟಿ ಎತ್ತುವುದು ಹೇಗೆ, ಹತ್ತಿ ಬಿಡಿಸುವುದು ಹೇಗೆ, ತನಗೆ ಜಡೆ ಹಾಕುವುದು ಹೇಗೆ? ಬಾವಲಿಗೆ ಹೆಬ್ಬೆರಳು ಉಳಿದಿದೆಯಲ್ಲ ಎಂದು ನಾನು ಹುಣಸೆಮರದ ತೊಗಲಬಾವಲಿಯ ಚಿತ್ರ ಬರೆದು, ರೆಕ್ಕೆ ಮಡಚುವಲ್ಲಿನ ಕೊಕ್ಕೆಯಂಥ ಉಗುರನ್ನು ತೋರಿಸಿದೆ. ಅವಳು ತನ್ನ ನಾಲ್ಕು ಬೆರಳು ಮಡಚಿ, ಹೆಬ್ಬೆರಳೊಂದರಿಂದ ಕೂದಲನ್ನು ಮೂರು ಕಾಲು ಮಾಡಲು ನೋಡಿದಳು. ಆಗಲಿಲ್ಲ.

ಕೈಯ ಬೆಲೆ ನಮ್ಮ ಸೀಮೆಗೆ ಗೊತ್ತು. ಮೊಹರಮ್ಮಿನಲ್ಲಿ ಇಲ್ಲಿನ ಊರೂರಿಗೂ ಪೀರಲ ದೇವರು ಏಳುತ್ತವೆ. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿಗೆ ಎಲ್ಲಿಲ್ಲದ ಜನ ಬಂದು ಸೇರುತ್ತದೆ. ಹಿಂದೂ ಮುಸಲ್ಮಾನರೆಲ್ಲ ಮುಟ್ಟಿ ಹಣೆಗೆ ಒತ್ತಿಕೊಳ್ಳುವ ಆ ದೇವರ ಕೋಲಿನ ತುದಿಯಲ್ಲಿ ಇರುವುದು ಪಂಜಾ, ಐದು ಬೆರಳು ಬಿಚ್ಚಿದ ಅಂಗೈ. ಸ್ವರ್ಗಕ್ಕೇರಿದ ಬುರಾಕ್ ಗೋಡೆಯ ಮೇಲೆ ಉಳಿಯಿತು. ಜನ ಹೆಗಲ ಮೇಲೆ ಹೊತ್ತು ಮೆರೆಸಿದ್ದು ಕೈಯನ್ನು. ರಾಯಚೂರು ಕೋಟೆಯಲ್ಲಿ 1294ರ ಶಾಸನವಿರುವ ನಲವತ್ತಕ್ಕೂ ಹೆಚ್ಚು ಅಡಿ ಉದ್ದದ ಕಲ್ಲುಚಪ್ಪಡಿ ಇದೆಯಲ್ಲ, ಅದನ್ನು ಕೋಣಗಳ ಸಾಲು ಬಂಡಿಯ ಮೇಲೆ ಎಳೆದು ತಂದ ಚಿತ್ರವನ್ನೂ ಅಲ್ಲೇ ಗೆರೆಯಲ್ಲಿ ಕೊರೆದಿದ್ದಾರೆ. ಶಾಲೆಯ ಮಕ್ಕಳನ್ನು ಕರೆದೊಯ್ದಾಗಲೆಲ್ಲ ನಾನು ಅದರ ಮುಂದೆ ಬಹಳ ಹೊತ್ತು ನಿಲ್ಲಿಸುತ್ತೇನೆ. ಹೊತ್ತವರ, ಎಳೆದವರ ಲೆಕ್ಕವನ್ನು ಕಲ್ಲಿನಲ್ಲಿ ಬರೆದಿಡುವ ಕೋಟೆಗಳು ಬಹಳ ಇಲ್ಲ.

ಮೂರನೆಯ ವಾರ ಹುಡುಗಿ ಹೊಸ ಹಾಳೆ ತೋರಿಸಿದಳು. ಹೆಬ್ಬಾತುಗಳು ವರ್ಷಕ್ಕೊಮ್ಮೆ ಹಾರುವ ಗರಿಗಳನ್ನೆಲ್ಲ ಒಟ್ಟಿಗೆ ಉದುರಿಸಿಕೊಂಡು ಕೆಲವು ವಾರ ನೆಲದ ಮೇಲೇ ಇರುತ್ತವೆ ಎಂದು ನಾನು ಮಾತಿನ ನಡುವೆ ಹೇಳಿದ್ದೆ. ಅವಳು ಅದನ್ನು ಹಿಡಿದುಕೊಂಡಿದ್ದಳು. ಗುಂಜಕ್ಕಿಗೆ ಮೊದಲ ಮಳೆ ಬಿದ್ದ ದಿನ ಗರಿ ಉದುರುತ್ತವೆ. ಗರಿ ಉದುರಿದ ಮೇಲೆ ಒಳಗಿನಿಂದ ಬೆರಳು ಬಿಚ್ಚಿಕೊಳ್ಳುತ್ತವೆ. ಬಿತ್ತನೆ, ಕಳೆ, ಹತ್ತಿ, ತೊಗರಿ ಮುಗಿಯುವವರೆಗೂ ಕೈ. ಸುಗ್ಗಿ ಮುಗಿದ ಮೇಲೆ ಬೆರಳು ಮತ್ತೆ ಬೆಸೆದು ಗರಿ ಮೂಡುತ್ತವೆ. ಗುಳೆ ಹೋದ ಊರಿನಲ್ಲಿ ಅವರಿಗೆ ಭಾರ ಹೊರುವ ಕೆಲಸ ಯಾರೂ ಕೊಡಬಾರದು, 15 ಕಿಲೋದವರು ಪುಟ್ಟಿ ಹೊರಲಾರರು ಎಂದು ಅಂಚಿನಲ್ಲಿ ಬರೆದಿದ್ದಳು. ಎರಿಹೊಲದಲ್ಲಿ ಅವರ ತತ್ತಿ ಕಂಡರೆ ಅಷ್ಟು ಜಾಗ ಬಿಟ್ಟು ಕುಂಟೆ ಹೊಡೆಯಬೇಕು ಎಂದು ಅದರ ಕೆಳಗೆ.

ಹೀಗೆ ವರ್ಷ ವರ್ಷ ಬೆಸೆಯುವುದು, ಬಿಚ್ಚುವುದು ಯಾವ ಎಲುಬಿಗೂ ಸಾಧ್ಯವಿಲ್ಲ. ನಾನು ತಿದ್ದಲಿಲ್ಲ. ನಾಲ್ಕೇ ಅವಯವದ ಲೆಕ್ಕವನ್ನು ಅವಳು ಮುರಿದಿರಲಿಲ್ಲ; ಕಾಲಕ್ಕೆ ತಕ್ಕಂತೆ ಹಂಚಿದ್ದಳು. ನಾನು ಕಂಡ ರೆಕ್ಕೆಯ ಮನುಷ್ಯರಲ್ಲಿ, ಕಲ್ಲಿನವರನ್ನೂ ಕ್ಯಾಲೆಂಡರಿನವರನ್ನೂ ಸೇರಿಸಿ, ತಮ್ಮ ಕೈಗೆ ಏನಾಯಿತು ಎಂಬುದಕ್ಕೆ ಉತ್ತರ ಕೊಟ್ಟವರು ಇವರೊಬ್ಬರೇ. ನಿಮ್ಮ ಮನೆಯ ಮಗು ರೆಕ್ಕೆಯ ಮನುಷ್ಯನನ್ನು ಬರೆದು ತಂದರೆ ಚಂದ ಅದ ಎಂದು ಕಳಿಸಬೇಡಿ. ಇವರು ಏನು ಉಣ್ಣುತ್ತಾರೆ, ಎಷ್ಟು ತೂಗುತ್ತಾರೆ, ಎಲ್ಲಿಗೆ ಹೋಗುತ್ತಾರೆ ಎಂದು ಕೇಳಿ. ಉತ್ತರ ಬರುತ್ತದೆ.

ಗುಂಜಕ್ಕಿಯ ಚಿತ್ರ ಈಗ ಅವ್ವನ ಮನೆಯಲ್ಲಿ ಕಾಮಧೇನುವಿನ ಕ್ಯಾಲೆಂಡರಿನ ಪಕ್ಕದ ಮೊಳೆಗೆ ತೂಗಿದೆ. ತಂಗಿ ಯುಗಾದಿಗೆ ಬಂದು ಎರಡು ದಿನ ಇದ್ದು ಹೋದಳು. ಆ ಎರಡು ದಿನ ಬೆಳಿಗ್ಗೆ ಮಗಳಿಗೆ ಅವಳೇ ಜಡೆ ಹಾಕಿದಳು.